ಅಜ್ಜಿ ಕೊಡಲೊಪ್ಪದ ನೆಲನೆಲ್ಲಿ

ನೆಲನೆಲ್ಲಿಯನ್ನು ಗುರುತು ಹಿಡಿಯುವುದು ಹೇಗೆಂದು ಮೊದಲೇ ಹೇಳಿಬಿಡುತ್ತೇನೆ. ಗೇಣುದ್ದದ ಗಿಡ, ಹುಣಸೆಯಂಥ ಸಣ್ಣ ಎಲೆ. ಕಡ್ಡಿಯನ್ನು ಮಗುಚಿ ನೋಡಿ, ಅಡಿಯಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಹಸಿರು ಕಾಯಿಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಮಳೆ ಬಿದ್ದ ಮೇಲೆ ತೆಂಗಿನ ತೋಟದ ನೆರಳಲ್ಲಿ ತಾನಾಗಿ ಹುಟ್ಟುತ್ತದೆ. ಕಬ್ಬಿನ ಗದ್ದೆಯ ಬದುವಿನದನ್ನು ಮಾತ್ರ ಕೀಳಬೇಡಿ, ಕಳೆನಾಶಕ ಹೊಡೆದಿರುತ್ತಾರೆ. ಬಾಯಿಹುಣ್ಣಿಗೆ ಎಲೆ ಅಗಿಯುತ್ತಾರೆ. ಕೆರೆತಕ್ಕೆ ಉಪ್ಪಿನ ಜೊತೆ ಅರೆದು ಹಚ್ಚುತ್ತಾರೆ. ಕರುವಿನ ಕಣ್ಣು ಹಳದಿಯಾದರೆ ಬಿದಿರಿನ ಗೊಟ್ಟದಲ್ಲಿ ಇದರ ರಸ ಕುಡಿಸುತ್ತಾರೆ. ಮನುಷ್ಯರ ಕಾಮಾಲೆಗೂ ನಮ್ಮ ಕಡೆ ಇದೇ ಮದ್ದು.

ನನ್ನದು ತೆಂಗಿನಕಾಯಿ ವ್ಯಾಪಾರ. ಮನೆ ಪಾಂಡವಪುರದ ಹತ್ತಿರ. ಸೈಕಲ್ಲಿಗೆ ಎರಡು ಚೀಲ ಕಟ್ಟಿಕೊಂಡು ಶುರು ಮಾಡಿದವನು, ಈಗ ಸ್ವಂತ ಲಾರಿ ಇದೆ. ಕೃಷ್ಣರಾಜಪೇಟೆ, ನಾಗಮಂಗಲದ ತೋಟಗಳಲ್ಲಿ ಮರ ನೋಡಿಯೇ ಬೆಲೆ ಕಟ್ಟುತ್ತೇನೆ. ತೋಟದವನು "ಕೊಡಾಕಿಲ್ಲ, ಓಗಯ್ಯ" ಅಂದರೆ ಅಲ್ಲಿಂದಲೇ ವ್ಯಾಪಾರ ಶುರು ಅಂತ ಲೆಕ್ಕ. ಅವನು ಇಲ್ಲವೆಂದಷ್ಟೂ ನಾನು ಜಗಲಿಯ ಮೇಲೆ ಗಟ್ಟಿಯಾಗಿ ಕೂರುತ್ತೇನೆ. ಇಷ್ಟು ವರ್ಷ ಅನ್ನ ಹುಟ್ಟಿದ್ದೇ ಹಾಗೆ.

ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಭಾನುವಾರ ಬೆಳಿಗ್ಗೆ ಕಾಮಾಲೆಗೆ ಮದ್ದು ಕೊಡುತ್ತಾಳೆ. ದುಡ್ಡು ಮುಟ್ಟುವುದಿಲ್ಲ. ಮದ್ದಿನ ಹೆಸರು ಹೇಳುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಕುಡಿದ ಮೇಲೆ "ಓಗ್ಬತ್ತೀನಿ" ಅನ್ನದೆ ಎದ್ದು ನಡೆಯಬೇಕು. ಹಾಗಂದರೆ ಕಾಯಿಲೆಯೂ ವಾಪಸು ಬರುತ್ತದಂತೆ. ಮೂರು ವರ್ಷದ ಹಿಂದೆ ನನಗೇ ಕಾಮಾಲೆಯಾಗಿ, ಮೂರು ಭಾನುವಾರ ಮೇಕೆಹಾಲಿನಲ್ಲಿ ಕುಡಿದು, ಉಪ್ಪು ಎಣ್ಣೆ ಬಿಟ್ಟು ವಾಸಿಯಾಗಿದ್ದೆ. ಅರೆಯುವ ಕಲ್ಲಿನ ಪಕ್ಕ ಬಿದ್ದಿದ್ದ ಕಡ್ಡಿ ನೋಡಿ ಅದು ನೆಲನೆಲ್ಲಿಯೆಂದು ಅವತ್ತೇ ಗೊತ್ತು ಮಾಡಿಕೊಂಡಿದ್ದೆ.

ಹೋದ ವರ್ಷ ಆಷಾಢದಲ್ಲಿ ನನ್ನ ಹೆಂಡತಿಯ ಕಣ್ಣು ಹಳದಿಯಾಯಿತು. ಬಾಗಿಲ ಬೆಳಕಿಗೆ ಕರೆದು ರೆಪ್ಪೆ ಎತ್ತಿ ನೋಡುತ್ತಿದ್ದರೆ ನಗುತ್ತಾ, "ಅದ್ಯಾಕಂಗ್ ನೋಡೀರಿ? ಮದ್ವೆಗ್ ಮುಂಚೆ ನೋಡ್ಬೇಕಿತ್ತು. ಈಗ ವಾಪಸ್ ತಕ್ಕಳೋರು ಯಾರೂ ಇಲ್ಲ" ಅಂದಳು.

ಪಾಂಡವಪುರದ ಡಾಕ್ಟರು ಹೊಟ್ಟೆಯ ಸ್ಕ್ಯಾನ್ ಮಾಡಿಸಲು ಚೀಟಿ ಬರೆದರು. ಚೀಟಿ ಜೇಬಿಗಿಟ್ಟುಕೊಂಡು ಭಾನುವಾರ ಅವಳನ್ನು ಅಜ್ಜಿಯ ಬಳಿ ಕರೆದುಕೊಂಡು ಹೋದೆ.

ಅಜ್ಜಿ ಕಣ್ಣು ನೋಡಿದಳು, ಉಗುರು ಒತ್ತಿ ನೋಡಿದಳು. "ಮೈ ಕೆರೀತದಾ?"

"ರಾತ್ರಿಯೆಲ್ಲ ಕೆರ್ಕೋತೀನಿ ಕನವ್ವ."

"ಬೈಲ್ಕಡೀಕೋದ್ರೆ ಯಾವ ಬಣ್ಣ?"

"ಸುಣ್ಣ ಕಲ್ಸ್‌ದಂಗೆ ಬೆಳ್ಳಗೆ."

ಅಜ್ಜಿ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಇದು ನನ್ ಮದ್ದಿಗೆ ಬಗ್ಗೋದಲ್ಲ ಕನಪ್ಪ. ಒಳ್ಗೆ ಎಲ್ಲೋ ಕಟ್ಕೊಂಡದೆ. ಆಸ್ಪತ್ರೆಗೆ ಕರ್ಕೊಂಡೋಗು."

"ನಂಗೆ ವಾಸಿ ಮಾಡ್ನಿಲ್ವಾ ನೀನು?"

"ನಿಂದು ಬ್ಯಾರೆ, ಇದು ಬ್ಯಾರೆ."

ನಾನು ಗಟ್ಟಿಯಾಗಿ ಕೂತೆ. ದುಡ್ಡು ಮುಟ್ಟದವಳು ಬೇರೇನೋ ಮನಸ್ಸಲ್ಲಿಟ್ಟುಕೊಂಡಿದ್ದಾಳೆ ಅಂದುಕೊಂಡೆ. "ಒಂದ್ ಚೀಲ ಕಾಯಿ ಇಳ್ಸ್‌ತೀನಿ ಕನವ್ವ. ಒಂದ್ ಸೀರೆನೂ ತತ್ತೀನಿ."

"ನಿನ್ ಕಾಯಿ ತಕ್ಕಂಡು ಚಟ್ನಿ ಅರೀತಾ ಕೂತ್ಕಳ್ಳಾ ನಾನು? ಎದ್ದೇಳು, ಇಂದ್ಲೋರ್ಗೆ ಜಾಗ ಬುಡು."

ಹಿಂದೆ ನಿಂತವರು ನಕ್ಕರು. ದಾರಿಯಲ್ಲಿ ಹೆಂಡತಿ, "ಅಜ್ಜಿ ಅಷ್ಟೊಂದು ಏಳ್ತಲ್ಲ, ಆಸ್ಪತ್ರೆಗೇ ಓಗಾನ ಬುಡಿ" ಅಂದಳು.

"ಸುಮ್ಕಿರಮ್ಮಿ. ಇಂಥ ಮಾತು ದಿನಾ ಕೇಳ್ತೀನಿ ನಾನು. ಆ ಸೊಪ್ಪು ಯಾವ್ದು ಅಂತ ನಂಗೊತ್ತು."

ಮಾರನೆಯ ದಿನದಿಂದ ನಾನೇ ಕಿತ್ತೆ, ತೊಳೆದೆ, ಅರೆದೆ. ಹನ್ನೊಂದು ದಿನ ಕುಡಿಸಿದೆ. ಅಜ್ಜಿಗಿಂತ ನಾನೇ ಶುದ್ಧವಾಗಿ ಮಾಡುತ್ತೇನೆಂಬ ಗರ್ವವೂ ಇತ್ತು. ಹೆಂಡತಿ ಒಂದು ದಿನವೂ ಬೇಡವೆನ್ನಲಿಲ್ಲ. ಮೈ ಕೆರೆದು ಕೆರೆದು ತೋಳಿನ ಮೇಲೆ ಗೆರೆ ಬಿದ್ದಿತ್ತು. ಪಥ್ಯ ಸರಿಯಾಗಿ ಮಾಡು ಎಂದು ಅವಳಿಗೇ ಬುದ್ಧಿ ಹೇಳಿದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಚಳಿಜ್ವರ ಬಂತು. ಎರಡು ಕಂಬಳಿ ಹೊದೆಸಿದರೂ ಮಂಚ ಅಲುಗುತ್ತಿತ್ತು. ಕಾರು ಮಾಡಿಕೊಂಡು ಮೈಸೂರಿಗೆ ಹೊರಟೆವು. ಶ್ರೀರಂಗಪಟ್ಟಣ ದಾಟುವಾಗ ಅವಳು ಕಣ್ಣು ತೆರೆದು, "ಇವತ್ತು ಲೋಡು ಇಲ್ವಾ ನಿಮ್ಗೆ?" ಎಂದು ಕೇಳಿದಳು. ಇಲ್ಲ ಅಂದೆ. ಇತ್ತು.

ಪಿತ್ತನಾಳಕ್ಕೆ ಕಲ್ಲು ಅಡ್ಡ ಕೂತಿತ್ತು. ಅದರ ಹಿಂದೆ ಕೀವು ತುಂಬಿ ನಂಜು ರಕ್ತಕ್ಕೆ ಸೇರಿತ್ತು. ಡಾಕ್ಟರು ನನ್ನ ಜೇಬಿನಲ್ಲಿದ್ದ ಹಳೆಯ ಚೀಟಿ ನೋಡಿ ಮಡಚಿ ವಾಪಸು ಕೊಟ್ಟರು, ಬೈಯಲಿಲ್ಲ. ಬಾಯಿಂದ ಕೊಳವೆ ಬಿಟ್ಟು ಕಲ್ಲು ತೆಗೆದರು. ನಂಜು ಇಳಿಯಲಿಲ್ಲ, ನಾಲ್ಕನೆಯ ದಿನ ಮಧ್ಯಾಹ್ನ ಅವಳು ತೀರಿಕೊಂಡಳು.

ನನಗೆ ಅಳು ಬರಲಿಲ್ಲ. ಆಮೇಲೆ ಬರುತ್ತದೆ ಅಂದರು, ಈಗಲೂ ಬಂದಿಲ್ಲ. ತಿಥಿ ಮುಗಿಸಿ ಎರಡೇ ದಿನಕ್ಕೆ ತೋಟಕ್ಕೆ ಹೋದೆ. ಕಾಯಿ ಅಲ್ಲಾಡಿಸಿ ಕಿವಿಗೆ ಹಿಡಿಯುತ್ತಿದ್ದೆ. ನೀರಿನ ಸದ್ದು ಕೇಳಿಸಿತೋ ಇಲ್ಲವೋ ಮರೆತುಹೋಗಿ ಅದೇ ಕಾಯಿಯನ್ನು ಮತ್ತೆ ಅಲ್ಲಾಡಿಸುತ್ತಿದ್ದೆ.

ಆ ತೋಟದಲ್ಲಿಯೇ ಮರ ಹತ್ತುವವನು ಹೇಳಿದ್ದು: "ನಾಗಮಂಗ್ಲದ ಅಜ್ಜಿ ಮದ್ದು ಕುಡ್ದೇ ನಿಮ್ಮನೇವ್ರು ಓದ್ರಂತಲ್ಲ ಅಣ್ಣ. ಅಲ್ಗೀಗ ಜನ ಓಗ್ತಾ ಇಲ್ವಂತೆ." ತಿಥಿಯ ಊಟದಲ್ಲಿ ಯಾರೋ ಆಡಿದ ಮಾತು ಅಷ್ಟು ದೂರ ನಡೆದಿತ್ತು. ಆ ಹೊತ್ತು ನಾನೂ ಅಲ್ಲೇ ಕೂತಿದ್ದೆ. ಅಲ್ಲವೆಂದಿರಲಿಲ್ಲ.

ಮುಂದಿನ ಭಾನುವಾರ ಹೋದೆ. ಮೊದಲು ಇಪ್ಪತ್ತು ಜನ ನಿಲ್ಲುತ್ತಿದ್ದ ಅಂಗಳದಲ್ಲಿ ನಾಲ್ಕು ಜನ ಇದ್ದರು. ನಿಂತಲ್ಲೇ ಹೇಳಿದೆ: "ಸತ್ತೋಳು ನನ್ನೆಂಡ್ತಿ. ಈ ಅವ್ವ ಮದ್ದು ಕೊಡ್ನಿಲ್ಲ, ಆಸ್ಪತ್ರೆಗೋಗು ಅಂತು. ನಾನು ಕೇಳ್ನಿಲ್ಲ. ಸೊಪ್ಪು ಕಿತ್ತೋನು ನಾನು, ಕುಡ್ಸ್‌ದೋನು ನಾನು." ಕಾಯಿಯ ಧಾರಣೆ ಹೇಳುವ ದನಿಯಲ್ಲೇ ಬಂತು.

ಒಬ್ಬ ನನ್ನನ್ನು ಕೇಳಿದ: "ಅಂಗಾರೆ ಈ ಮದ್ದು ಕುಡೀಬೋದಾ, ಬ್ಯಾಡ್ವಾ?"

"ರಕ್ತ ಪರೀಕ್ಷೆ ಮಾಡ್ಸಿ ಡಾಕ್ಟ್ರುನ್ನ ಕೇಳ್ಕೊಂಡು ಬಾ. ಮೈ ಕೆರೆದು, ಬೈಲ್ಕಡೆ ಬೆಳ್ಳಗೋದ್ರೆ ಇಲ್ಲಿಗೆ ಬರ್ಲೇಬ್ಯಾಡ, ಅವತ್ತೇ ಸ್ಕ್ಯಾನ್ ಮಾಡ್ಸು. ಚಳಿಜ್ವರ ಬಂದ್ರೆ ಒಂದ್ ಗಂಟೆನೂ ಕಾಯ್ಬ್ಯಾಡ."

ಓದುವ ನಿಮಗೂ ಹೇಳುವುದು ಅಷ್ಟೇ.

ಅಜ್ಜಿ ಅರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. "ಎಷ್ಟ್ ದಿನ ಕುಡ್ಸ್‌ದೆ?"

"ಅನ್ನೊಂದು."

ಅವಳು ಮುಂದೆ ಕೂತಿದ್ದವನ ರೆಪ್ಪೆ ಎಳೆದು ನೋಡತೊಡಗಿದಳು. ನಾನು ಲಾರಿಯ ಕಡೆ ನಡೆದೆ.