ಅವಸರ ಇಲ್ಲ

ತೆಲಂಗಾಣ ಬೇರೆ ರಾಜ್ಯವಾದ ವರ್ಷ ನಾನು ಮಕ್ತಲ್‌ನ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಬೇಸಿಗೆ ರಜೆ ಮುಗಿದ ಮೇಲೆ ಹೊಸ ರಾಜ್ಯದ ಹೆಸರಿನಲ್ಲಿ ಒಂದು ಕಾರ್ಯಕ್ರಮ ಇಟ್ಟುಕೊಂಡೆವು. ಏಳನೆಯ ತರಗತಿಯ ಹುಡುಗಿಯ ಇಂಗ್ಲಿಷ್ ಭಾಷಣದಲ್ಲಿ ‘ಸರ್ಪ್ರೈಸ್’ ಎಂಬ ಪದವಿತ್ತು.

“ಹಂಗಂದ್ರ ಏನ್ರೀ ಟೀಚರ್?”

“ಆಶ್ಚರ್ಯ” ಎಂದೆ. ಅವಳಿಗೆ ಸಾಕಾಯಿತು, ನನಗೆ ಸಾಕಾಗಲಿಲ್ಲ. ಪದಗಳ ಬೆನ್ನು ಹತ್ತುವ ಹುಚ್ಚು ನನಗೆ. ಅದರ ಜಂಬವೂ ಇತ್ತು. ಸ್ಟಾಫ್ ರೂಮಿನ ದಪ್ಪ ನಿಘಂಟು ತೆಗೆದೆ. ಪದ ಹಳೆಯ ಫ್ರೆಂಚಿನಿಂದ ಬಂದದ್ದು, ಮೇಲೆ ಬಿದ್ದು ಹಿಡಿಯುವುದು ಅದರ ಮೂಲ ಅರ್ಥ. ಇಂಗ್ಲಿಷಿನಲ್ಲೂ ಮೊದಲು ಅದು ಯುದ್ಧದ ಮಾತಾಗಿತ್ತಂತೆ: ಶತ್ರು ಸುಳಿವು ಕೊಡದೆ ಬಂದು ಕೋಟೆ ವಶ ಮಾಡಿಕೊಳ್ಳುವುದು. ಕೇಕು, ಉಡುಗೊರೆ ಎಲ್ಲ ಆಮೇಲಿನವು. ಖುಷಿಯಿಂದ ಬರೆದುಕೊಳ್ಳುತ್ತಿದ್ದಾಗ ಗದ್ವಾಲ್‌ನಿಂದ ಅಪ್ಪನ ಫೋನು ಬಂತು.

ಅವ್ವ ನಾಲ್ಕು ದಿನದಿಂದ ಅಲ್ಲಿ ಆಸ್ಪತ್ರೆಯಲ್ಲಿದ್ದಳು.

“ಡಾಕ್ಟರ್ ಏನಂದ್ರಪ್ಪಾ? ಈಗ ಬರ್ಲೇನು?”

“ಔಷಧಕ್ಕ ಅವಸರ ಇಲ್ಲ ಅಂದ್ರವ್ವ. ಸಂಜೀಕ ನಿಮ್ಮ ಸಾಲಿ ಕಾರ್ಯಕ್ರಮ ಐತಲ್ಲ, ಮುಗ್ಸಿ ನಾಳೆ ಬಾ.”

ಆ ಮಾತು ಎಷ್ಟು ಹಿತವಾಗಿತ್ತೆಂದರೆ ನಾನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಹುಡುಗಿಯಿಂದ ಭಾಷಣವನ್ನು ಮತ್ತೆರಡು ಸಲ ಹೇಳಿಸಿದೆ.

ಮರುದಿನ ಕೃಷ್ಣೆ ದಾಟಿ ಗದ್ವಾಲ್ ಮುಟ್ಟುವಷ್ಟರಲ್ಲಿ ಅವ್ವನ ಮುಖಕ್ಕೆ ಬಟ್ಟೆ ಎಳೆದಿದ್ದರು. ನಾನು ನರ್ಸಿನ ಮೇಲೆ ಹರಿಹಾಯ್ದೆ. ಆಕೆ ಮೆಲ್ಲಗೆ ತೆಲುಗಿನಲ್ಲಿ ಅಂದಳು: “ನಿನ್ನನೇ ಚೆಪ್ಪಿನಂ ಅಮ್ಮಾ, ಮಂದುಲು ಇಂಕ ಅವಸರಂ ಲೇದನಿ.”

ತೆಲುಗಿನಲ್ಲಿ ಅವಸರಂ ಎಂದರೆ ಅಗತ್ಯ. ಇನ್ನು ಔಷಧ ಬೇಕಿಲ್ಲ ಎಂದು ನಿನ್ನೆಯೇ ಹೇಳಿ ಡಾಕ್ಟರು ಕೈಚೆಲ್ಲಿದ್ದರು. ನಲವತ್ತು ವರ್ಷ ತೆಲುಗಿನಲ್ಲೇ ಸೀರೆ ಮಾರಿದ ಅಪ್ಪನಿಗೆ ಅದು ಗೊತ್ತಿಲ್ಲದ ಪದವೇನಲ್ಲ. ಆ ಹೊತ್ತಿನಲ್ಲಿ ಅವನ ಕಿವಿ ಅದನ್ನು ಕನ್ನಡವಾಗಿ ಕೇಳಿತು, ಅಷ್ಟೇ. ನನಗೇನಾಗಿತ್ತು? ಫ್ರೆಂಚ್ ಪದದ ಬೇರು ಅಗೆಯುತ್ತ ಕೂತವಳಿಗೆ, ಡಾಕ್ಟರು ಯಾವ ಭಾಷೆಯಲ್ಲಿ ಹಾಗಂದರು ಎಂದು ಕೇಳಲು ತೋಚಲಿಲ್ಲ. ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆ.

ಹಿಂದಿನ ರಾತ್ರಿಯೆಲ್ಲ ಅವ್ವ ನಾನೆಲ್ಲಿ ಎಂದು ಕೇಳಿದಳಂತೆ. “ಬರ್ತಾಳ, ಅವಸರ ಮಾಡಬ್ಯಾಡ” ಎಂದು ಅಪ್ಪ ಸಮಾಧಾನ ಹೇಳಿದನಂತೆ.

“ಅವಸರ ಇಲ್ಲ ಅಂದಿದ್ರು. ಸುಳ್ಳು ಹೇಳಿದ್ರವ್ವ ನನಗ” ಎಂದು ಅಪ್ಪ ವರಾಂಡದ ನೆಲದ ಮೇಲೆ ಕೂತು ಅತ್ತ. ಆಮೇಲೆ ಬದುಕಿದ ಆರು ವರ್ಷವೂ ಮನೆಗೆ ಬಂದವರ ಮುಂದೆಲ್ಲ ಆ ಡಾಕ್ಟರನ್ನು ಬೈದ. ನಾನು ಪಕ್ಕದಲ್ಲಿ ಕೂತು ಹೂಂ ಅನ್ನುತ್ತಿದ್ದೆ. ಅರ್ಥ ಹೇಳುವುದೇ ಕಸುಬಾದವಳು, ಅದೊಂದು ಪದದ ಅರ್ಥ ಅವನಿಗೆ ಹೇಳಲೇ ಇಲ್ಲ.