ನೀಲದ ಪಿನ್ನು

ನಮ್ಮ ಮನೆಯಲ್ಲಿ ಅವ್ವನ ಬಂಗಾರದ ಪಿನ್ನಿನ ಮೇಲೆ ಕೊಲೆಯ ಆರೋಪವಿತ್ತು. ನಗಬೇಡಿ. ಹಿರಿಯರೆಲ್ಲ ಕೂತು, ಎಲೆ ಅಡಿಕೆ ಹಾಕಿಕೊಂಡು, ಗಂಭೀರವಾಗಿ ಹೊರಿಸಿದ ಆರೋಪ ಅದು.

ಸೆರಗಿಗೆ ಚುಚ್ಚಿಕೊಳ್ಳುವ ಹಳೆಯ ಕಾಲದ ಒಡವೆ ಅದು. ನಿಜಾಮರ ಕಾಲದಲ್ಲಿ ಅವ್ವನ ಅಜ್ಜಿ ಒಬ್ಬ ಜಹಗೀರದಾರರ ಮನೆಗೆ ಹೆರಿಗೆ ಮಾಡಿಸಲು ಹೋಗಿದ್ದಳಂತೆ. ತಾಯಿ ಮಗು ಇಬ್ಬರೂ ಉಳಿದ ಖುಷಿಗೆ ಆ ಮನೆಯ ಬೇಗಂ ಕೊಟ್ಟದ್ದು. ಬಂಗಾರದ ಹೂವು, ಎಸಳಿಗೊಂದು ವೈಡೂರ್ಯ, ನಡುವೆ ಹುಣಸೆ ಬೀಜದಷ್ಟು ದೊಡ್ಡ ನೀಲ. ಒಮ್ಮೆ ಅದರ ಕೊಂಡಿ ಬಿಗಿ ಮಾಡಿಸಲು ಹೋದಾಗ ಕೊಪ್ಪಳದ ಪಕ್ಕದ ಭಾಗ್ಯನಗರದ ಅಕ್ಕಸಾಲಿ ಪತ್ತಾರರು ಇಂಥ ಕಲ್ಲು ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದು ಹೊಳ್ಳಿಸಿ ಹೊಳ್ಳಿಸಿ ನೋಡಿದ್ದರು. ತಾಯಿಯಿಂದ ಮಗಳಿಗೆ ಬಂದ ಒಡವೆ. ಅಪ್ಪನ ಮನೆಯವರಿಗೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ.

ಕೊಪ್ಪಳ ಜಿಲ್ಲೆ ಆದ ವರ್ಷ ಅಪ್ಪ ಹೊಲದಲ್ಲಿ ಕುಸಿದು ಬಿದ್ದು ತೀರಿಕೊಂಡ. ಹಿಂದಿನ ಸಂಜೆಯೇ ಎದೆ ನೋಯುತ್ತಿದೆ ಎಂದಿದ್ದ. ತಾವರಗೇರಾ ಹತ್ತಿರದ ನಮ್ಮ ಹಳ್ಳಿಗೆ ಆ ಹೊತ್ತಿನಲ್ಲಿ ಬಸ್ಸಿಲ್ಲ. ಟ್ರ್ಯಾಕ್ಟರಿನ ಕೀಲಿ ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪನ ಜೇಬಿನಲ್ಲಿತ್ತು. ದವಾಖಾನೆಗೆ ಹೋಗೋಣ ಎಂದು ಅವ್ವ ಗೋಗರೆದಳು. ದೊಡ್ಡಪ್ಪ ಅದು ಬರೇ ವಾಯು ಎಂದ, ಬಳ್ಳೊಳ್ಳಿ ಸುಟ್ಟು ತಿನ್ನಿಸಿದ. ಬೆಳಿಗ್ಗೆ ನೋವು ತುಸು ಕಡಿಮೆಯಾಯಿತೆಂದು ಅಪ್ಪ ಹೊಲಕ್ಕೆ ಹೋದ.

ದಿನಕರ್ಮ ಮುಗಿದ ಮೇಲೆ ದೊಡ್ಡಪ್ಪನೇ ಮಾತು ತೆಗೆದ. ನೀಲ ಎಲ್ಲರಿಗೂ ಆಗಿಬರುವುದಿಲ್ಲ, ಹಾಕಿಕೊಳ್ಳುವ ಮೊದಲು ಒಂದು ರಾತ್ರಿ ತಲೆದಿಂಬಿನ ಕೆಳಗಿಟ್ಟು ಮಲಗಬೇಕು, ಕೆಟ್ಟ ಕನಸು ಬಿದ್ದರೆ ಮನೆಯಲ್ಲೇ ಇಡಬಾರದು. ಇವಳು ಆ ಪರೀಕ್ಷೆ ಮಾಡದೆ ಹಾಕಿಕೊಂಡಳು, ಕಲ್ಲು ತಮ್ಮನನ್ನು ನುಂಗಿತು. ಈಗಲಾದರೂ ಪರೀಕ್ಷೆ ಆಗಲಿ, ಕೆಟ್ಟ ಕನಸು ಬಿದ್ದರೆ ಹನುಮನಹಳ್ಳಿಗೆ ಹೋಗಿ ಹೊಳೆಗೆ ಬಿಟ್ಟು ಬರೋಣ ಎಂದ. ಕೂತವರೆಲ್ಲ ತಲೆಯಾಡಿಸಿದರು.

ನನಗೆ ಮೈಯೆಲ್ಲ ಉರಿಯಿತು. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಒಳ್ಳೆಯ ಕನಸು ಎಲ್ಲಿಂದ ಬೀಳಬೇಕು? ಪಿನ್ನು ಹೊಳೆಗೆ ಬಿದ್ದರೆ ಹೋಗುವುದು ಬಂಗಾರವಷ್ಟೇ ಅಲ್ಲ. ಗಂಡನನ್ನು ತಿಂದವಳು ಎಂಬ ಹೆಸರು ಅವ್ವನಿಗೆ ಸಾಯುವತನಕ ಅಂಟಿಕೊಳ್ಳುತ್ತಿತ್ತು. ಅಂಥದ್ದರಲ್ಲಿ ಅವ್ವ ಪರೀಕ್ಷೆಗೆ ಒಪ್ಪಿಬಿಟ್ಟಳು. ಹೈಸ್ಕೂಲು ಓದುತ್ತಿದ್ದ ನಾನು ಸಿಟ್ಟಿಗೆ ಊಟ ಬಿಟ್ಟೆ.

ಮರುದಿನ ಬೆಳಿಗ್ಗೆ ಎಲ್ಲರೂ ಪಡಸಾಲೆಯಲ್ಲಿ ಮತ್ತೆ ಸೇರಿದರು. ಗಂಡನ ಅಣ್ಣನೆದುರು ಹೆಂಗಸರು ನಿಲ್ಲುವ ಪದ್ಧತಿ ನಮ್ಮಲ್ಲಿರಲಿಲ್ಲ. ಮುಖದ ಮೇಲೆ ಸೆರಗೆಳೆದುಕೊಂಡು ಬಾಗಿಲ ಮರೆಯಿಂದ, ಅದೂ ಮಕ್ಕಳ ಬಾಯಲ್ಲಿ ಹೇಳಿಸಬೇಕು. ಹಾಗಾಗಿ ದೊಡ್ಡಪ್ಪ ನನ್ನ ಕಡೆ ನೋಡಿ, ಕನಸು ಬಿತ್ತೇನೆಂದು ಅವ್ವನನ್ನು ಕೇಳು ಎಂದ.

ನಾನು ಏಳುವ ಮೊದಲೇ ಅವ್ವ ಹೊಸ್ತಿಲು ದಾಟಿ ಬಂದಳು. ಮುಖದ ಮೇಲೆ ಸೆರಗಿರಲಿಲ್ಲ. ಅದನ್ನು ಹಿಂದಕ್ಕೆ ಒಯ್ದು ಭುಜದ ಮೇಲೆ ಅದೇ ಪಿನ್ನು ಚುಚ್ಚಿದ್ದಳು.

"ಬಿತ್ರಿ ಭಾವಾರ," ಎಂದಳು. "ನಿಮ್ಮ ತಮ್ಮ ಬಂದಿದ್ರು. ದವಾಖಾನಿಗೆ ಹೋಗಾಕ ಟ್ರ್ಯಾಕ್ಟರ್ ಬಂತೇನು ಅಂತ ಕೇಳಿದ್ರು."

ದೊಡ್ಡಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಹೊಳೆಯ ಮಾತು ಮತ್ತೆ ಬರಲಿಲ್ಲ, ಪಿನ್ನೂ ಅವ್ವನ ಭುಜದಿಂದ ಇಳಿಯಲಿಲ್ಲ. ಆ ಕನಸು ನಿಜವಾಗಿ ಬಿದ್ದಿತ್ತೋ ಇಲ್ಲವೋ ನಾನು ಕೇಳಿಲ್ಲ, ಕೇಳುವ ಅಗತ್ಯವೂ ಕಾಣಲಿಲ್ಲ.

ಕೆಲವು ವರ್ಷಗಳ ನಂತರ ದೊಡ್ಡಪ್ಪನೇ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ. ವಾಯು ಇರಬೇಕು ಎಂದು ಆಗಲೂ ಗೊಣಗಿದ. ಅವ್ವ ಯಾರನ್ನೂ ಕೇಳಲಿಲ್ಲ, ರಸ್ತೆಯಲ್ಲಿ ಹೊರಟಿದ್ದ ಒಂದು ಟಂಟಂ ಆಟೊ ತಡೆದು ನಿಲ್ಲಿಸಿದಳು.

"ವಾಯು ಹೌದೋ ಅಲ್ಲೋ ದವಾಖಾನ್ಯಾಗ ಹೇಳ್ತಾರ. ಹತ್ರಿ."

ದೊಡ್ಡಪ್ಪ ಉಳಿದ. ಅವ್ವ ಅವನನ್ನು ಕ್ಷಮಿಸಿದಳು. ನಾನು ಕ್ಷಮಿಸಿಲ್ಲ.

ಪಿನ್ನು ಈಗ ನನ್ನ ಭುಜದ ಮೇಲಿದೆ. ನಾನದನ್ನು ತಲೆದಿಂಬಿನ ಕೆಳಗೆ ಒಂದು ದಿನವೂ ಇಟ್ಟಿಲ್ಲ. ಮದುವೆ ಮುಂಜಿಗೆ ಹೋದಲ್ಲೆಲ್ಲ ಯಾರಾದರೂ ಬಗ್ಗಿ ನೋಡಿ, ನೀಲ ನಿನಗೆ ಆಗಿಬಂದಿದೆಯಾ ಎಂದು ಕೇಳುತ್ತಾರೆ. ನಿಮ್ಮ ಮನೆಯಲ್ಲಿ ಗಾಡಿಯ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ.