ಬೋಂಡಾನಿಗೆ ಬಂದ ಸಂಬಂಧ

ಮೈಸೂರಿನಿಂದ ನಮ್ಮತ್ತೆ ವಿಡಿಯೊ ಕಾಲ್ ಮಾಡಿದರೆ ಮೊದಲ ಪ್ರಶ್ನೆ ಮಗನ ಬಗ್ಗೆ ಅಲ್ಲ. ಇವತ್ತೂ ಅಷ್ಟೇ: "ಬೋಂಡಾ ಸೊಂಟ ಹೇಗಿದೆಯೇ?" ಬೋಂಡಾ ನಮ್ಮ ಲ್ಯಾಬ್ರಡಾರ್. ಆ ಸೊಂಟಕ್ಕೊಂದು ಕಥೆಯಿದೆ, ಕೇಳಿ.

ನಾವು ಜಪಾನಿನ ತ್ಸುಕುಬಾಗೆ ಬಂದ ಮೇಲೆ ಬೋಂಡಾನಿಗೆ ಬಂದ ಮೊದಲ ಮತ್ತು ಕೊನೆಯ ಸಂಬಂಧವದು. ಪಕ್ಕದ ಮನೆಯ ಯಮಾದಾ ಸಾನ್ (ಸಾನ್ ಅಂದರೆ ಇಲ್ಲಿನ ‘ಅವರು’) ತಮ್ಮ ಹೆಣ್ಣು ಲ್ಯಾಬ್ರಡಾರ್ ಹಾನಾಳನ್ನು ಕರೆತಂದು, ಕ್ಷಮಿಸಿ ಎಂಬರ್ಥದ ಹತ್ತಾರು ಸುಮಿಮಾಸೆನ್‌ಗಳ ನಂತರ, ಇವರಿಬ್ಬರಿಗೆ ಮರಿಗಳಾದರೆ ಹೇಗೆ ಎಂದರು. ನನ್ನ ಮಗಳು ಅನು ಅಂದೇ ತನ್ನ ಪಾಲಿನ ಮರಿಗೆ ಹೆಸರಿಟ್ಟುಬಿಟ್ಟಳು. ಆಗ ಇಲ್ಲಿಗೆ ಬಂದಿದ್ದ ಅತ್ತೆ ಹಾನಾಳ ನಕ್ಷತ್ರ ಕೇಳಿದರು. ಯಮಾದಾ ಸಾನ್ ಕೇಳಿದ್ದು ಬೋಂಡಾನ ಸೊಂಟದ ಎಕ್ಸ್‌ರೇ. ಸೊಂಟದ ಕೀಲು ಸಡಿಲವಿದ್ದರೆ ಮರಿಗಳಿಗೂ ಬರಬಹುದಂತೆ. ಹಾನಾಳಿಗೂ ತೆಗೆಸುತ್ತೇನೆ ಎಂದರು.

"ಗಂಡಿನ ಸೊಂಟ ನೋಡೋದಾ? ಯಾವ ಊರಲ್ಲಿದೆ ಈ ಪದ್ಧತಿ?" ಅತ್ತೆ ಸಿಡಿಮಿಡಿಗೊಂಡರು. ನನಗೆ ಮಾತ್ರ ಒಳಗೊಳಗೇ ಖುಷಿ. ನನ್ನನ್ನು ನೋಡಲು ಬಂದ ದಿನ ಇದೇ ಅತ್ತೆ, ಹುಡುಗಿ ಕುಂಟುತ್ತಾಳೋ ಏನೋ ಎಂದು, ನೀರು ಕೇಳುವ ನೆಪದಲ್ಲಿ ನನ್ನನ್ನು ಅಡುಗೆಮನೆಗೂ ಹಾಲಿಗೂ ನಡೆಸಿದ್ದರು. ಅವರ ಮಗ ಸೋಫಾ ಬಿಟ್ಟು ಏಳಲಿಲ್ಲ, ಇವತ್ತಿಗೂ ಏಳುವುದಿಲ್ಲ.

ಪಶುವೈದ್ಯರು ಬೋಂಡಾನಿಗೆ ಅರಿವಳಿಕೆ ಕೊಟ್ಟು, ಅಂಗಾತ ಮಲಗಿಸಿ, ಹಿಂಗಾಲುಗಳನ್ನು ನೀಳವಾಗಿ ಎಳೆದು ಎಕ್ಸ್‌ರೇ ತೆಗೆದರು. ಎರಡೂ ಕೀಲು ಸಡಿಲ, ಮರಿ ಮಾಡಿಸಬೇಡಿ ಎಂದರು. ಅನು ರಗ್ಗಿನೊಳಗೆ ಮುಖ ಹುದುಗಿಸಿ ಅತ್ತಳು.

"ಹೇಳದೇ ಇದ್ರಾಯ್ತು. ಮದುವೆ ಆದ್ಮೇಲೆ ಎಲ್ಲ ಅಡ್ಜಸ್ಟ್ ಆಗತ್ತೆ," ಎಂದರು ಅತ್ತೆ.

"ನಿಮ್ಮ ಮಗನ ಗೊರಕೆ ವಿಷಯ ಹೇಳ್ಲಿಲ್ವಲ್ಲ ಅತ್ತೆ, ಹಾಗಾ?"

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. ಜಪಾನಿ ಭಾಷೆಗೆ ಅನುವಾದಿಸಲು ಅನುವನ್ನು ಎಳೆದುಕೊಂಡು ಪಕ್ಕದ ಮನೆಗೆ ನಡೆದರು. ನಾನೂ ಹಿಂದೆಯೇ ಓಡಿದೆ. "ನಮ್ಮ ಹುಡುಗನ ಸೊಂಟ ಸರಿಯಿಲ್ಲ. ನಿಮ್ಮ ಹುಡುಗಿಗೆ ಬೇರೆ ಕಡೆ ನೋಡಿ," ಎಂದು ಗಟ್ಟಿಯಾಗಿ ಹೇಳಿಯೇಬಿಟ್ಟರು.

ಯಮಾದಾ ಸಾನ್ ಮುಖ ಕೆಂಪಾಯಿತು. ಒಳಗಿನಿಂದ ಹಾನಾಳ ಎಕ್ಸ್‌ರೇ ತಂದು, ಬಗ್ಗಿ ನಮಸ್ಕರಿಸಿದರು. ಅವಳದೂ ಸಡಿಲ! ಹೇಳಲು ನಾಚಿ, ವಾರದಿಂದ ನಮ್ಮ ಕಣ್ಣು ತಪ್ಪಿಸಿ ಓಡಾಡುತ್ತಿದ್ದರಂತೆ.

"ಹಾಗಾದ್ರೆ ಜೋಡಿ ಸರಿಯಾಗೇ ಇದೆಯಲ್ಲೇ!" ಎಂದು ಅತ್ತೆ ನಕ್ಕರು. ಅನು ಅದನ್ನೂ ಅನುವಾದಿಸಿದಳು, ಮೂಗೊರೆಸಿಕೊಳ್ಳುತ್ತ ತಾನೂ ನಕ್ಕಳು.

ಮರಿಗಳಂತೂ ಇಲ್ಲ. ಈಗ ಸಂಜೆ ಎರಡೂ ನಾಯಿಗಳು ಬೀದಿ ಕೊನೆಯ ಕೊಂಬಿನಿ ಅಂಗಡಿಯವರೆಗೆ ನಡೆದು, ಸುಸ್ತಾಗಿ, ಸೈಕಲ್ ದಾರಿಗೆ ಅಡ್ಡ ಕೂರುತ್ತವೆ. ನಾನು ಮತ್ತು ಯಮಾದಾ ಸಾನ್ ಬರುವ ಹೋಗುವ ಸೈಕಲ್ಲಿನವರಿಗೆಲ್ಲ ಕ್ಷಮೆ ಕೇಳುತ್ತ ನಿಲ್ಲುತ್ತೇವೆ. ಮೊದಮೊದಲು ನಾಚಿಕೆಯಾಗುತ್ತಿತ್ತು, ಈಗ ಆ ಹೊತ್ತಿಗೆ ಕಾಯುತ್ತೇನೆ. ಅತ್ತೆ ಊರಿಗೆ ಹೊರಡುವ ಮುನ್ನ ಯಮಾದಾ ಸಾನ್‌ಗೊಂದು ಕನ್ನಡ ಶಬ್ದ ಕಲಿಸಿಹೋಗಿದ್ದಾರೆ. ಇಗೋ, ಗೇಟಿನಾಚೆಯಿಂದ ಕರೆಯುತ್ತಿದ್ದಾರೆ:

"ಬೀಗಿತ್ತಿ ಸಾನ್!"

ಬೋಂಡಾ ಏಳುವ ಮೊದಲೇ ನಾನು ಚಪ್ಪಲಿ ಮೆಟ್ಟಿದ್ದೇನೆ.